ಕಾಣಿಕೆ ಚೀಲಕ್ಕೆ ಕೈ ಹಾಕಿದವಳು

ಹಲಸೂರು ಕೆರೆಯ ಹಿಂದಿದ್ದ ತಗಡಿನ ಸೂರಿನ ಕ್ರೈಸ್ತ ಸಭೆಯಲ್ಲಿ ಇಪ್ಪತ್ತು ವರ್ಷದಿಂದ ಕಾಣಿಕೆ ಚೀಲ ಹಿಡಿಯುತ್ತಿದ್ದವಳು ಅಮೃತಮ್ಮ. ಉದ್ದನೆಯ ಮರದ ಹಿಡಿಗೆ ಹೊಲಿದ ಕೆಂಪು ಮಖಮಲ್ಲಿನ ಚೀಲ. ಅದರೊಳಗೆ ಬಿದ್ದದ್ದು ದೇವರದು. ತಪ್ಪಿ ಉಂಗುರ ಬಿದ್ದರೂ ಯಾರೂ ವಾಪಸ್ ಕೇಳುತ್ತಿರಲಿಲ್ಲ. ಈ ಕಟ್ಟಳೆಯನ್ನು ಎಲ್ಲರಿಗಿಂತ ಬಿಗಿಯಾಗಿ ಕಾಯ್ದವಳೂ ಅವಳೇ.

ತೊಂಬತ್ತಾರನೇ ಇಸವಿಯಲ್ಲಿ ಆನಂದ್ ಎಂಬ ಹೊಸ ಪ್ರಸಂಗಿ ಬಂದ. ಬಿಳಿ ಸಫಾರಿ, ದಪ್ಪ ಗಾಜಿನ ಕನ್ನಡಕ, ಮೈಕೇ ಬೇಡದ ಗಂಟಲು. ಒಂದು ಭಾನುವಾರ ಕೂಗಿದ: "ನಂಬಿಕೆ ಇರೋರಿಗೆ ಮಾತ್ರೆ ಯಾಕ್ರೀ? ಚೀಲಕ್ಕೆ ಹಾಕಿ, ದೇವರಿಗೆ ಒಪ್ಪಿಸ್ಬಿಡಿ!"

ಜನವೂ ಜನವೇ, ಸ್ತೋತ್ರ ಸ್ತೋತ್ರ ಎನ್ನುತ್ತ ಬ್ಯಾಗು ತಡಕಾಡತೊಡಗಿದರು. ಮೂರನೇ ಸಾಲಿನಲ್ಲಿದ್ದ ಧನಲಕ್ಷ್ಮಿ ಕಣ್ಣೊರೆಸಿಕೊಳ್ಳುತ್ತ ಮಗಳು ದಿವ್ಯಳ ಫಿಟ್ಸ್ ಮಾತ್ರೆಯ ಸ್ಟ್ರಿಪ್ಪನ್ನು ಚೀಲದೊಳಗೆ ಬಿಟ್ಟಳು. ಹತ್ತೊಂಬತ್ತರ ಹುಡುಗಿ ತಲೆ ತಗ್ಗಿಸಿ ಕೂತಿತ್ತು.

ಅಮೃತಮ್ಮನ ಕಾಲು ಅಲ್ಲೇ ನಿಂತುಬಿಟ್ಟಿತು. ಶಿವಾಜಿನಗರದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವಳು ಅವಳು. ಹೋದ ವರ್ಷ ನಾಲ್ಕೇ ದಿನ ಈ ಮಾತ್ರೆ ತಪ್ಪಿಸಿದ್ದಕ್ಕೆ ದಿವ್ಯ ಉರಿಯುವ ಸ್ಟವ್ ಮೇಲೆ ಬಿದ್ದಿದ್ದಳು. ಸುಟ್ಟ ಕೈಗೆ ಔಷಧಿ ಹಚ್ಚಿದವಳು ಇದೇ ಅಮೃತಮ್ಮ. ಇನ್ನೊಂದು ಸಲ ಬಿದ್ದರೆ ಹುಡುಗಿ ಏಳುತ್ತಾಳೆಂಬ ಖಾತ್ರಿ ಅವಳಿಗಿರಲಿಲ್ಲ.

"ಮುಂದೆ ಹೋಗಮ್ಮ," ಎಂದ ಸಭೆಯ ಹಿರಿಯ ಮಾನಪ್ಪ.

ಅಮೃತಮ್ಮ ಮುಂದೆ ಹೋಗಲಿಲ್ಲ. ಸೆರಗು ಸಿಕ್ಕಿಸಿ ಚೀಲದೊಳಗೆ ಮೊಣಕೈವರೆಗೂ ಕೈ ಹಾಕಿದಳು. ಅಯ್ಯೋ ಕರ್ತನೇ ಎಂದು ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು. ಅವಳು ಸ್ಟ್ರಿಪ್ ಹೆಕ್ಕಿ ದಿವ್ಯಳ ಮಡಿಲಿಗೆ ಹಾಕಿದಳು.

"ದೇವರ ಪಾಲಿಗೆ ಕೈ ಹಾಕ್ತೀಯಾ? ಅಪನಂಬಿಕೆ ಹೆಂಗಸೇ!" ಪ್ರಸಂಗಿ ಗುಡುಗಿದ.

ಅಮೃತಮ್ಮನಿಗೆ ಪಿತ್ತ ನೆತ್ತಿಗೇರಿತು. "ಹಂಗಾದ್ರೆ ನಿಮ್ ಕನ್ನಡಕಾನೂ ಹಾಕ್ರೀ ಚೀಲಕ್ಕೆ! ಕಣ್ಣು ವಾಸಿ ಮಾಡೋಕೆ ದೇವರಿಗೆ ಆಗಲ್ವಾ?"

ಪ್ರಸಂಗಿಯ ಕೈ ತಾನಾಗಿಯೇ ಕನ್ನಡಕ ಒತ್ತಿ ಹಿಡಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಈ ನರ್ಸಿಂಗ್ ವಿದ್ಯೆ ನಂಗೆ ಕೊಟ್ಟಿದ್ದು ಯಾರು, ಸೈತಾನನಾ?" ಅಮೃತಮ್ಮ ಬಿಡಲಿಲ್ಲ. "ನಾನೂ ದಿನಾ ಮೊಣಕಾಲೂರಿ ಪ್ರಾರ್ಥನೆ ಮಾಡೋಳೇ. ನಾಳೆ ದೇವರು, ನಿಂಗೆ ಗೊತ್ತಿತ್ತಲ್ಲೇ ಅಮೃತಾ, ಯಾಕೆ ಸುಮ್ನಿದ್ದೆ ಅಂತ ಕೇಳಿದ್ರೆ, ನೀವ್ ಬಂದು ಉತ್ತರ ಕೊಡ್ತೀರಾ?"

ಮಾನಪ್ಪ ಎದ್ದು ಬಂದು ಕೈ ಚಾಚಿದ. "ಚೀಲ ಕೊಡು. ಇನ್ಮೇಲೆ ನೀನು ಇದನ್ನ ಮುಟ್ಟಕೂಡದು."

ಇಪ್ಪತ್ತು ವರ್ಷ ಹಿಡಿದ ಹಿಡಿ. ಅಮೃತಮ್ಮನ ಕಣ್ಣು ತುಂಬಿತು. ತಕೊಳ್ಳಿ ಎಂದು ಕೊಟ್ಟಳು. ಕೊಟ್ಟು, ನೆಟ್ಟಗೆ ವೇದಿಕೆ ಹತ್ತಿ ಪ್ರಸಂಗಿಯ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿಕೊಂಡು ಬಂದಳು.

"ಬೇಡ ಕಣೇ," ಧನಲಕ್ಷ್ಮಿ ಮಗಳ ಮಣಿಕಟ್ಟು ಹಿಡಿದಳು. ದಿವ್ಯ ಅಮ್ಮನನ್ನು ನೋಡಿದಳು, ಆಮೇಲೆ ಕೈ ಮೇಲಿನ ಸುಟ್ಟ ಕಲೆಯನ್ನು. ಮೆಲ್ಲಗೆ ಕೈ ಬಿಡಿಸಿಕೊಂಡು, ಲೋಟ ಇಸಿದುಕೊಂಡು, ಎಲ್ಲರೆದುರೇ ಮಾತ್ರೆ ನುಂಗಿದಳು.

ಮಾನಪ್ಪ ಚೀಲ ಹಿಡಿದು ವೇದಿಕೆಯ ಕಡೆ ಹೊರಟ. ಎರಡನೇ ಸಾಲಿನ ಮುದುಕಿಯೊಬ್ಬಳು ಅದನ್ನು ತಡೆದು, ಆಗಲೇ ಹಾಕಿದ್ದ ತನ್ನ ಬಿ.ಪಿ. ಮಾತ್ರೆ ಹುಡುಕಲು ಒಳಗೆ ಕೈ ಹಾಕಿದಳು.