ಐದು ನಿಮಿಷ ಬಾಯಿ ಮುಚ್ಚಿ ಕೂತರೆ

ಗೋರ್ನಿ ಲಿಪಾರ್ ಊರಿನಲ್ಲಿ ಯಾರ ಮನೆಗೆ ಹೋದರೂ ಮೊದಲು ಕಾಫಿ, ಆಮೇಲೆ ಬಿಪಿ. ಕಾಫಿ ಬೇಡ ಎಂದರೆ ಮನೆಯವರಿಗೆ ಬೇಜಾರು. ಬಿಪಿ ನೋಡಿಸಿಕೊಳ್ಳುವುದಿಲ್ಲ ಎಂದರೆ ಇನ್ನೂ ಬೇಜಾರು. ಪುಟ್ಟ ಬಟ್ಟಲಿನ ಕಪ್ಪು ಕಾಫಿ ಮುಗಿಯುವ ಮೊದಲೇ ಬಿಪಿ ಯಂತ್ರ ಮೇಜಿನ ಮೇಲೆ ಬರುತ್ತದೆ, ಅದರ ಪಟ್ಟಿ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟುತ್ತದೆ. ಸೊಸೆಯ ಸುದ್ದಿ, ಮಂಡಿನೋವು, ಪೆನ್ಷನ್, ಎಲ್ಲ ಮಾತೂ ಅದರ ಜೊತೆಗೇ ನಡೆಯುತ್ತಿರುತ್ತದೆ.

ಊರಿನ ನರ್ಸ್ ನೆವೆಂಕಾಗೆ ಇದೇನೂ ಹೊಸದಲ್ಲ. ಹದಿನೆಂಟು ವರ್ಷದಿಂದ ಮನೆಮನೆ ಸುತ್ತುತ್ತಿದ್ದಾಳೆ, ಮನೆಮನೆಯಲ್ಲೂ ಕಾಫಿ ಕುಡಿದಿದ್ದಾಳೆ. ಅವಳ ತಲೆ ಕೆಡಿಸಿದ್ದು ಮೇಲಿನ ಬೀದಿಯ ತಿಹೋಮಿರನ ನೋಟ್ ಪುಸ್ತಕ.

ತಿಹೋಮಿರ್ ಮೂವತ್ತನಾಲ್ಕು ವರ್ಷ ರೈಲ್ವೆ ಸ್ಟೇಷನ್ ಮಾಸ್ಟರ್ ಆಗಿದ್ದವನು. ರೈಲು ಬಂದ ಹೊತ್ತು, ಬಿಟ್ಟ ಹೊತ್ತು ಬರೆದು ಬರೆದು ಅಭ್ಯಾಸವಾದ ಕೈ ನಿವೃತ್ತಿಯಾದ ಮೇಲೂ ಸುಮ್ಮನಿರಲಿಲ್ಲ. ಒಂದು ಬಿಪಿ ಯಂತ್ರ ಕೊಂಡ, ಬೀದಿಯವರ ಬಿಪಿಯನ್ನೆಲ್ಲ ಬರೆಯತೊಡಗಿದ. ಹೋದ ವರ್ಷ ಆ ಬೀದಿಯ ಆರು ಜನ ಫ್ಲೂ ಲಸಿಕೆ ಹಾಕಿಸಿಕೊಂಡರು. ತಿಹೋಮಿರ್ ಗೀಟು ಹಾಕಿ ಎರಡು ಸಾಲು ಮಾಡಿದ. ಒಂದು 'ಮೊದಲು', ಇನ್ನೊಂದು 'ನಂತರ'. ನಂತರದ ಸಾಲಿನಲ್ಲಿ ಒಂದು ಅಂಕಿಯೂ ನೂರ ಅರವತ್ತಕ್ಕಿಂತ ಕೆಳಗಿರಲಿಲ್ಲ. ಲಸಿಕೆಯಿಂದ ಬಿಪಿ ಏರುತ್ತದೆ ಎಂದು ಮುದ್ದಾದ ಅಕ್ಷರದಲ್ಲಿ ತೀರ್ಪು ಬರೆದು, ಅಡಿಗೆರೆ ಹಾಕಿ, ಸಹಿಯನ್ನೂ ಮಾಡಿದ.

ಅಷ್ಟೇ ಸಾಕಾಯಿತು. ಈ ಅಕ್ಟೋಬರಿನಲ್ಲಿ ಮೇಲಿನ ಬೀದಿಯಿಂದ ಒಬ್ಬರೂ ಲಸಿಕೆಗೆ ಬರಲಿಲ್ಲ.

ಉಳಿದವರ ಮಾತು ಹಾಗಿರಲಿ, ನೆವೆಂಕಾಗೆ ಚಿಂತೆಯಿದ್ದದ್ದು ತಿಹೋಮಿರನ ಹೆಂಡತಿ ಪೆರ್ಸಿದಾಳದ್ದು. ವಯಸ್ಸು ಅರವತ್ತೊಂಬತ್ತು, ಶ್ವಾಸಕೋಶ ಮೊದಲೇ ಸೋತದ್ದು. ಹೋದ ಜನವರಿಯಲ್ಲಿ ಫ್ಲೂ ಬಂದು ಹತ್ತೊಂಬತ್ತು ದಿನ ಪಟ್ಟಣದ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದಳು. ಬಿಡುಗಡೆ ಮಾಡುವಾಗ ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದರು, ಮುಂದಿನ ಚಳಿಗಾಲ ಲಸಿಕೆ ಇಲ್ಲದೆ ಕಳೆಯಬೇಡಿ, ಇನ್ನೊಂದು ಸಲ ಹೀಗಾದರೆ ತಡೆದುಕೊಳ್ಳುವುದು ಕಷ್ಟ ಎಂದು. ಈಗ ಚಳಿ ಆಗಲೇ ಹೊಸ್ತಿಲಿಗೆ ಬಂದಿತ್ತು.

ಮಂಗಳವಾರ ಮಧ್ಯಾಹ್ನ ನೆವೆಂಕಾ ನಾಲ್ಕನೇ ಸಲ ಮೇಲಿನ ಬೀದಿಯ ಗುಡ್ಡ ಹತ್ತಿದಳು. ಅಂಗಳಗಳಲ್ಲೆಲ್ಲ ಚಳಿಗಾಲದ ಚಟ್ನಿಗೆಂದು ಕೆಂಪು ದಪ್ಪ ಮೆಣಸಿನಕಾಯಿ ಸುಡುತ್ತಿದ್ದರು. ತಿಹೋಮಿರನ ಅಂಗಳದಲ್ಲಿ ಪಕ್ಕದ ಮನೆಯ ಡೊಬ್ರಿಲಾ ಒಲೆ ಮುಂದೆ ನಿಂತಿದ್ದಳು. ಹೊಗೆ ಆಗದ ಪೆರ್ಸಿದಾ ಅಡುಗೆಮನೆಯ ಮೂಲೆಯಲ್ಲಿ ಕೂತು, ನಡುನಡುವೆ ಉಸಿರಿಗೆ ನಿಂತು, ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದಳು.

"ಬಾ ಸಿಸ್ಟರಮ್ಮ. ಬೇಗ ಬಾಗಿಲು ಹಾಕು, ಗಾಳಿ ಬಡಿಯುತ್ತೆ," ಎಂದ ತಿಹೋಮಿರ್.

"ಕಾಫಿ ಬೇಡ ಮಾವ. ಪೆರ್ಸಿದತ್ತೆ ಲಸಿಕೆ ವಿಷಯ ಮಾತಾಡೋಕೆ ಬಂದೆ."

"ಕಾಫಿ ಬೇಡ ಅಂದ್ರೆ ವಿಷಯಾನೂ ಬೇಡ."

ನೆವೆಂಕಾ ಹಲ್ಲು ಕಚ್ಚಿಕೊಂಡು ಕಾಫಿ ಕುಡಿದಳು. ಬಟ್ಟಲು ಕೆಳಗಿಡುವಷ್ಟರಲ್ಲಿ ಪುಸ್ತಕ ಎದುರಿಗೆ ಬಂತು.

"ಓದು. ಡೊಬ್ರಿಲಾ. ಬೆಳಿಗ್ಗೆ ಏಳು ಗಂಟೆಗೆ ನೂರ ಮೂವತ್ತೆಂಟು. ಅದೇ ದಿನ, ಇಂಜೆಕ್ಷನ್ ಆದ್ಮೇಲೆ, ಹನ್ನೊಂದು ಗಂಟೆ ಐದು ನಿಮಿಷಕ್ಕೆ ನೂರ ಎಪ್ಪತ್ತೆರಡು. ನಾನು ಕಥೆ ಹೇಳ್ತಿಲ್ಲ, ಅಂಕಿ ಹೇಳ್ತಿದ್ದೀನಿ."

ಮಸಿ ಕೈ ಒರೆಸಿಕೊಳ್ಳುತ್ತಾ ಡೊಬ್ರಿಲಾ ಒಳಗೆ ಬಂದಳು. "ಹೌದು ಸಿಸ್ಟರ್, ದೇವ್ರಾಣೆ. ತಲೆ ಗಿರ್ ಅಂತಿತ್ತು."

"ಅವತ್ತು ನಮ್ಮ ಕೆಳಗಿನ ಆಸ್ಪತ್ರೆಯಿಂದ ಹೇಗೆ ವಾಪಸ್ ಬಂದ್ರಿ ಡೊಬ್ರಿಲಕ್ಕ?"

"ಹೇಗೆ ಅಂದ್ರೆ? ನಡ್ಕೊಂಡು. ನಮ್ಮ ಗುಡ್ಡಕ್ಕೆ ಬಸ್ ಹತ್ತುತ್ತಾ?"

"ಬಂದು ಏನ್ ಮಾಡಿದ್ರಿ?"

"ಇಲ್ಲೇ ಕಾಫಿ ಕುಡ್ದೆ. ಸೂಜಿ ಅಂದ್ರೆ ನಂಗೆ ಭಯ ನೋಡು, ಅದಕ್ಕೆ ಒಂದು ಚಿಕ್ಕ ಲೋಟ ಪ್ಲಮ್ ಸಾರಾಯೀನೂ ಕುಡ್ದೆ."

"ಬಿಪಿ ಪಟ್ಟಿ ಎಲ್ಲಿ ಸುತ್ತಿದ್ರು?"

"ಸ್ವೆಟರ್ ಮೇಲೆ. ಆ ಚಳೀಲಿ ಯಾರಮ್ಮ ತೋಳು ಬಿಚ್ತಾರೆ?"

"ಅಳೆಯುವಾಗ ಮಾತಾಡ್ತಾ ಇದ್ರಾ?"

ತಿಹೋಮಿರ್ ಜೋರಾಗಿ ನಕ್ಕ. "ಡೊಬ್ರಿಲಾ ಯಾವಾಗ ಮಾತಾಡ್ತಾ ಇರ್ಲಿಲ್ಲ ಅಂತ ಕೇಳು!"

ನೆವೆಂಕಾಗೆ ಬಟ್ಟಲನ್ನು ಎತ್ತಿ ಗೋಡೆಗೆ ಹೊಡೆಯಬೇಕೆನಿಸಿತು. ಗುಡ್ಡ ಹತ್ತಿ ಬಂದವಳು, ಸೂಜಿಗೆ ಹೆದರಿದವಳು, ಕಾಫಿ, ಸಾರಾಯಿ, ಸ್ವೆಟರ್, ಮೇಲೆ ಬಾಯಿ ತುಂಬ ಮಾತು! ಇಷ್ಟೆಲ್ಲ ಇರುವಾಗ ಬಿಪಿ ಏರದಿದ್ದರೆ ಅದೇ ಆಶ್ಚರ್ಯ. ಇಂಥದ್ದರಿಂದೆಲ್ಲ ಬಿಪಿ ಏರುತ್ತದೆಂದು ಹಿಂದಿನ ಮೂರು ಸಲವೂ ಅವಳು ಬಿಡಿಸಿ ಹೇಳಿದ್ದಳು. ಕರಪತ್ರ ತಂದಿದ್ದಳು, ಡಾಕ್ಟರ ಕೈಯಲ್ಲಿ ಚೀಟಿ ಬರೆಸಿ ತಂದಿದ್ದಳು. ತಿಹೋಮಿರ್ ಪ್ರತಿ ಸಲವೂ ಪುಸ್ತಕ ತಟ್ಟಿ, "ನಿಮ್ಮದು ಮಾತು, ನಂದು ಅಂಕಿ," ಎಂದು ಕಳಿಸಿದ್ದ.

"ಸರಿ ಮಾವ," ಎಂದಳು. "ನಿಮ್ಮ ಪುಸ್ತಕವನ್ನೇ ನಂಬೋಣ. ನಾಳೆ ಬುಧವಾರ. ಆಸ್ಪತ್ರೇಲಿ ಡಾಕ್ಟರಿಲ್ಲ, ಲಸಿಕೇನೂ ಇಲ್ಲ, ಎರಡೂ ಮಂಗಳವಾರ ಮಾತ್ರ. ಹೋದ ವರ್ಷದ ಆರೂ ಜನ ಬೆಳಿಗ್ಗೆ ಏಳಕ್ಕೆ ಬಿಪಿ ನೋಡಿಸ್ಕೊಂಡು ಕೆಳಗೆ ಬರಲಿ. ಬೆಂಚಿನ ಮೇಲೆ ಸುಮ್ನೆ ಕೂರಲಿ. ಸೂಜಿ ಇಲ್ಲ, ಏನಿಲ್ಲ. ವಾಪಸ್ ಬರಲಿ, ಹೋದ ವರ್ಷದ ಹಾಗೇ ಕಾಫಿ ಕುಡೀಲಿ. ಆಮೇಲೆ ನೀವೇ ಅಳೀರಿ, ನೀವೇ ಬರೀರಿ."

"ಸುಮ್ನೆ ಯಾಕೆ ಗುಡ್ಡ ಇಳಿದು ಹತ್ತಬೇಕು?"

"ನಾನು ನಾಲ್ಕು ಸಲ ಸುಮ್ನೆ ಹತ್ತಿದ್ದೀನಲ್ಲ, ಹಾಗೆ."

"ಅಂಕಿಗೆ ಹೆದರೋ ಜಾಯಮಾನ ನಂದಲ್ಲ," ಎಂದ ತಿಹೋಮಿರ್. ಮಾತು ಮುಗಿಯಿತು.

ಮರುದಿನ ಆರರಲ್ಲಿ ನಾಲ್ಕು ಜನ ಏಳಕ್ಕೆ ಬಿಪಿ ನೋಡಿಸಿಕೊಂಡು ಬಂದರು, ನಾಲ್ವರದ್ದೂ ನೂರ ನಲವತ್ತರ ಆಚೀಚೆಯೇ ಇತ್ತು. ಇಬ್ಬರಿಗೆ ಮೆಣಸಿನಕಾಯಿ ಸುಡುವ ಕೆಲಸ ಮುಗಿದಿರಲಿಲ್ಲ. ಬಂದವರು ಆಸ್ಪತ್ರೆ ಬೆಂಚಿನ ಮೇಲೆ ಹತ್ತು ನಿಮಿಷ ಕೂತು, ಹತ್ತಿಯ ತುಣುಕನ್ನೂ ಮುಟ್ಟಿಸಿಕೊಳ್ಳದೆ ಮತ್ತೆ ಗುಡ್ಡ ಹತ್ತಿದರು. ನೆವೆಂಕಾ ಜೊತೆಗೇ ಬಂದಳು. ತಿಹೋಮಿರನ ಅಡುಗೆಮನೆಯಲ್ಲಿ ಕಾಫಿಯಾಯಿತು, ಸಾರಾಯಿಯಾಯಿತು, ಸ್ವೆಟರಿನ ಮೇಲೆ ಪಟ್ಟಿ ಸುತ್ತಿದ್ದಾಯಿತು. ತಿಹೋಮಿರ್ ಗಡಿಯಾರ ನೋಡಿ ಒಂದೊಂದೇ ಬರೆದ. ಡೊಬ್ರಿಲಾಳದು ನೂರ ಎಪ್ಪತ್ತನಾಲ್ಕು. ಉಳಿದ ಮೂವರದು ನೂರ ಅರವತ್ತಾರು, ನೂರ ಅರವತ್ತೆಂಟು, ನೂರ ಎಂಬತ್ತೊಂದು.

ತಿಹೋಮಿರ್ ಯಂತ್ರವನ್ನು ಎತ್ತಿ ತಟ್ಟಿ ನೋಡಿದ.

"ಯಂತ್ರ ಕೆಟ್ಟಿದೆ," ಎಂದ ತಿಹೋಮಿರ್.

"ಹೋದ ವರ್ಷ ಸರಿ ಇದ್ದಿದ್ದು ಇವತ್ತು ಬೆಳಿಗ್ಗೆ ಕೆಟ್ಟಿತಾ?" ನೆವೆಂಕಾ ಚೀಲದಿಂದ ಆಸ್ಪತ್ರೆಯ ಯಂತ್ರ ತೆಗೆದು ಡೊಬ್ರಿಲಾಗೆ ಹಾಗೇ ಸುತ್ತಿದಳು. ಅದೂ ನೂರ ಎಪ್ಪತ್ತರ ಮೇಲೇ ತೋರಿಸಿತು. "ಈಗ ಹೇಳಿ ಮಾವ. ಇವತ್ತು ಯಾವ ಲಸಿಕೆ ಏರಿಸಿತು?"

ತಿಹೋಮಿರ್ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

"ಈಗ ನನ್ನ ಪದ್ಧತಿ ನೋಡಿ," ಎಂದಳು ನೆವೆಂಕಾ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಕಳೆಯಬೇಕೆಂದು ಎಲ್ಲರನ್ನೂ ಕೂರಿಸಿದಳು. ಅದು ಸುಲಭವಾಯಿತು, ಮಾತಾಡಬಹುದಿತ್ತಲ್ಲ. ಆಮೇಲೆ ಬಚ್ಚಲಿಗೆ ಹೋಗಿ ಬನ್ನಿ ಎಂದಳು. ಡೊಬ್ರಿಲಾಳ ಸ್ವೆಟರ್ ಬಿಚ್ಚಿಸಿ, ಬೆನ್ನು ಕುರ್ಚಿಗೆ ಆನಿಸಿ, ಕಾಲ ಮೇಲೆ ಹಾಕಿದ್ದ ಕಾಲು ಇಳಿಸಿ, ಎರಡೂ ಪಾದ ನೆಲಕ್ಕೆ ಊರಿಸಿದಳು. ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲೆ ಇಡಿಸಿ, ಬರಿ ತೋಳಿಗೆ ಪಟ್ಟಿ ಸುತ್ತಿದಳು.

"ಇನ್ನು ಐದು ನಿಮಿಷ ಮಾತಾಡ್ಬಾರ್ದು."

"ಐದು ನಿಮಿಷಾನಾ?" ಎಂದಳು ಡೊಬ್ರಿಲಾ.

"ಮೊದಲಿಂದ."

ಒಂದೂವರೆ ನಿಮಿಷ ಕಳೆಯಿತು. "ಒಲೆ ಮೇಲೆ ಏನಾದ್ರೂ ಸೀಯ್ತಾ ಇದೆಯಾ?"

"ಡೊಬ್ರಿಲಕ್ಕ! ಮೊದಲಿಂದ!"

ಮೂರನೇ ಸಲ ತುಟಿ ಒಳಗೆಳೆದುಕೊಂಡು ಹೇಗೋ ಐದು ನಿಮಿಷ ಮುಗಿಸಿದಳು. ನೂರ ಮೂವತ್ತಾರು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದರೆ ನೂರ ಮೂವತ್ತನಾಲ್ಕು. ಉಳಿದ ಮೂವರದೂ ನೂರ ನಲವತ್ತರ ಆಚೀಚೆಗೆ ಇಳಿಯಿತು.

ತಿಹೋಮಿರ್ ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನೂ ಬರೆದುಕೊಂಡ. "ಹಾಗಾದ್ರೆ ತಪ್ಪೆಲ್ಲ ಕಾಫೀದು," ಎಂದ.

"ಅಯ್ಯೋ ದೇವರೇ!" ನೆವೆಂಕಾ ಹಣೆ ಹಿಡಿದುಕೊಂಡಳು. "ಕಾಫಿ ಕುಡೀರಿ ಮಾವ, ಯಾರು ಬೇಡ ಅಂದ್ರು? ಕುಡಿದ ತಕ್ಷಣ ಅಳೀಬೇಡಿ ಅಂದೆ. ಗುಡ್ಡ ಹತ್ತಿದ್ರೆ ಏರುತ್ತೆ, ಮಾತಾಡಿದ್ರೆ ಏರುತ್ತೆ, ಸೂಜಿಗೆ ಹೆದರಿದ್ರೂ ಸ್ವಲ್ಪ ಏರುತ್ತೆ. ಕೂತು ಸುಧಾರಿಸ್ಕೊಂಡ್ರೆ ಇಳಿಯುತ್ತೆ. ನೀವು ಬರೆದಿದ್ದು ಇದನ್ನೆಲ್ಲ. ಹೆಸರು ಮಾತ್ರ ಲಸಿಕೆದು ಹಾಕಿದ್ರಿ."

"ಒಪ್ಪಿದೆ ಅಂತಾನೇ ಇಟ್ಕೋ. ಆದ್ರೂ ಪೆರ್ಸಿದಾ ವಿಷಯ ಬೇರೆ. ಮೊದ್ಲೇ ವೀಕು. ಇನ್ನೊಂದು ವರ್ಷ ನೋಡೋಣ, ಇನ್ನಷ್ಟು ಅಂಕಿ ಸೇರಲಿ."

ನೆವೆಂಕಾ ಸಿಟ್ಟಿನಿಂದ ಯಂತ್ರವನ್ನು ಚೀಲಕ್ಕೆ ತುರುಕಿದಳು. ಅಷ್ಟರಲ್ಲಿ ಮೂಲೆಯಲ್ಲಿ ಪೆರ್ಸಿದಾ ಚಾಕು ಕೆಳಗಿಟ್ಟಳು.

"ಇನ್ನೊಂದು ವರ್ಷಾನಾ?" ಎಂದಳು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳಬೇಕಿತ್ತು. "ತಿಹೋಮಿರ್, ಆ ಪುಸ್ತಕದಲ್ಲಿ ನಂದು ಎಲ್ಲಿದೆ ತೋರ್ಸು."

"ನೀನು ಹಾಕಿಸ್ಕೊಂಡೇ ಇಲ್ವಲ್ಲ. ಏನಂತ ಬರೀಲಿ?"

"ಹತ್ತೊಂಬತ್ತು ದಿನ ಆಸ್ಪತ್ರೇಲಿ ಬಿದ್ದಿದ್ದೆ ಮಾರಾಯ. ಒಂದು ಗುಟುಕು ನೀರು ಕುಡಿಯೋಕೂ ಉಸಿರಿರ್ಲಿಲ್ಲ. ಅದನ್ನ ಯಾವ ಸಾಲಲ್ಲಿ ಬರ್ದೆ? ಹಾಕಿಸ್ಕೊಂಡು ಗುಂಡಗೆ ಓಡಾಡೋರದ್ದೆಲ್ಲ ನಿಮಿಷ ಸಮೇತ ಬರ್ದಿದ್ದೀಯ. ಹಾಕಿಸ್ಕೊಳ್ದೆ ಸಾಯೋ ಹಾಗಾದವಳು ಮನೇಲೇ ಇದ್ದಾಳೆ, ಅವಳದ್ದು ಒಂದು ಅಕ್ಷರ ಇಲ್ಲ. ಇಡೀ ಬೀದೀನ ಕೇಳ್ದೆ. ನನ್ನನ್ನ ಒಂದ್ಸಲ ಕೇಳ್ದೆಯಾ?"

ತಿಹೋಮಿರ್ ತಲೆ ತಗ್ಗಿಸಿದ. ಪೆರ್ಸಿದಾ ನರ್ಸಿನ ಕಡೆ ತಿರುಗಿದಳು.

"ನೀನೂ ಅಷ್ಟೇ ಸಿಸ್ಟರ್. ಇವತ್ತಿಗೆ ಐದು ಸಲ ಬಂದೆ. ಐದು ಸಲಾನೂ ಇವನ ಹತ್ರಾನೇ ಜಗಳ. ಸೂಜಿ ಚುಚ್ಚೋ ತೋಳು ಇಲ್ಲಿ ಕೂತಿದೆ."

ನೆವೆಂಕಾಳ ಮುಖ ಬಿಸಿಯಾಯಿತು. ಹದಿನೆಂಟು ವರ್ಷದ ನರ್ಸು, ಮುದುಕನ ಜೊತೆ ಹಟಕ್ಕೆ ಬಿದ್ದು ರೋಗಿಯನ್ನೇ ಮರೆತಿದ್ದಳು. ಕುರ್ಚಿ ಎಳೆದುಕೊಂಡು ಪೆರ್ಸಿದಾಳ ಪಕ್ಕ ಕೂತಳು. "ತಪ್ಪಾಯ್ತು ಅತ್ತೆ. ಈಗ ಕೇಳ್ತೀನಿ. ನಿಮಗೆ ಏನ್ ಭಯ?"

"ಹಾಕಿಸ್ಕೊಂಡ್ರೆ ಫ್ಲೂ ಬರೋದೇ ಇಲ್ವಾ?"

"ಬರ್ಬಹುದು. ಸುಳ್ಳು ಹೇಳಲ್ಲ. ಆದ್ರೆ ಆಸ್ಪತ್ರೆ ಸೇರೋ ಮಟ್ಟಕ್ಕೆ ಹೋಗೋದು ಕಡಿಮೆಯಾಗುತ್ತೆ. ಒಂದೆರಡು ದಿನ ತೋಳು ನೋಯುತ್ತೆ, ಮೈ ಸ್ವಲ್ಪ ಬಿಸಿಯಾದ್ರೂ ಆಗ್ಬಹುದು. ಹಿಂದೆ ಯಾವ್ದಾದ್ರೂ ಇಂಜೆಕ್ಷನ್ನಿಂದ ಮೈ ಊದಿದ್ದು, ಉಸಿರು ಕಟ್ಟಿದ್ದು ಇದೆಯಾ?"

"ಇಲ್ಲ. ಪ್ರತಿ ವರ್ಷ ಯಾಕೆ ಹಾಕಿಸ್ಕೋಬೇಕು?"

"ಫ್ಲೂ ವೈರಸ್ಸು ವರ್ಷ ವರ್ಷ ಬದಲಾಗುತ್ತೆ ಅತ್ತೆ. ಲಸಿಕೇನೂ ಅದಕ್ಕೆ ತಕ್ಕ ಹಾಗೆ ಬದಲಾಗುತ್ತೆ."

"ಅಷ್ಟೇ ತಾನೆ? ಮಂಗಳವಾರ ಬರ್ತೀನಿ," ಎಂದು ಪೆರ್ಸಿದಾ ಮತ್ತೆ ಚಾಕು ತೆಗೆದುಕೊಂಡಳು. ಎರಡು ನಿಮಿಷದ ಮಾತು. ಇದಕ್ಕಾಗಿ ನೆವೆಂಕಾ ಒಂದು ತಿಂಗಳು ಒದ್ದಾಡಿದ್ದಳು.

ಮಂಗಳವಾರ ತಿಹೋಮಿರನೇ ಟ್ರ್ಯಾಕ್ಟರಿನಲ್ಲಿ ಹೆಂಡತಿಯನ್ನು ಕೆಳಗೆ ಕರೆತಂದ. ಪೆರ್ಸಿದಾ ಲಸಿಕೆ ಹಾಕಿಸಿಕೊಂಡು ಹದಿನೈದು ನಿಮಿಷ ಬೆಂಚಿನ ಮೇಲೆ ಕೂತಳು, ಡೊಬ್ರಿಲಾ ಕಣ್ಣು ಮುಚ್ಚಿಕೊಂಡು ಹಾಕಿಸಿಕೊಂಡಳು. ಬಾಗಿಲಲ್ಲಿ ನಿಂತಿದ್ದ ತಿಹೋಮಿರನನ್ನು ನೆವೆಂಕಾ ಕುರ್ಚಿಗೆ ಕರೆದಳು. ಊರಿನವರದ್ದೆಲ್ಲ ಅಳೆದವನು ತನ್ನದನ್ನು ಒಮ್ಮೆಯೂ ಅಳೆದಿರಲಿಲ್ಲ. ಐದು ನಿಮಿಷ ಸುಮ್ಮನೆ ಕೂರಿಸಿ, ಬರಿ ತೋಳಿಗೆ ಪಟ್ಟಿ ಸುತ್ತಿ ಎರಡು ಸಲ ನೋಡಿದಳು. ನೂರ ಅರವತ್ತನಾಲ್ಕು, ನೂರ ಅರವತ್ತೆರಡು.

"ಇದು ನಿನ್ನ ಮೇಲಿನ ಸಿಟ್ಟಿಗೆ ಏರಿದ್ದು," ಎಂದ.

"ಇರ್ಬಹುದು. ಒಳಗೆ ಡಾಕ್ಟರಿದ್ದಾರೆ, ಅವರ ಹತ್ರ ಹೇಳಿ."

ಗೊಣಗುತ್ತಲೇ ಒಳಗೆ ಹೋದ. ಹೊರಗೆ ಬಂದಾಗ ಕೈಯಲ್ಲಿ ಮಾತ್ರೆ ಚೀಟಿಯಿತ್ತು, ಇನ್ನೊಂದು ತೋಳಿನ ಅಂಗಿ ಮಡಚಿಕೊಂಡಿದ್ದ. "ಹಾಕು ನಂಗೂ. ಅವಳಿಗೆ ನನ್ನಿಂದ ಅಂಟಬಾರ್ದಲ್ಲ," ಎಂದ, ಯಾರ ಮುಖವನ್ನೂ ನೋಡದೆ.

ಜನವರಿಯಲ್ಲಿ ಫ್ಲೂ ಊರಿಗೆ ಬಂತು. ಪೆರ್ಸಿದಾಳನ್ನೂ ಬಿಡಲಿಲ್ಲ. ಮೂರು ದಿನ ಜ್ವರ, ಕೆಮ್ಮು. ನಾಲ್ಕನೇ ದಿನ ನೆವೆಂಕಾ ಹೆದರುತ್ತಲೇ ಗುಡ್ಡ ಹತ್ತಿದರೆ, ಆಕೆ ಒಲೆ ಮುಂದೆ ಕೂತು ಸೂಪಿಗೆ ಉಪ್ಪು ಕಡಿಮೆಯೆಂದು ಗಂಡನನ್ನು ಬೈಯುತ್ತಿದ್ದಳು. ಈ ಸಲ ಆಸ್ಪತ್ರೆಗೆ ಹೋಗಬೇಕಾಗಲಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಒಬ್ಬ ತಿಹೋಮಿರ್ ಇದ್ದಾನು. ಅವನ ಮೇಲೆ ಸಿಟ್ಟಾಗಬೇಡಿ, ಕೂರಿಸಿ ಸರಿಯಾಗಿ ಅಳೆಯುವುದನ್ನು ತೋರಿಸಿ. ಬಿಪಿ ನೋಡುವ ಮೊದಲು ಅರ್ಧ ಗಂಟೆ ಕಾಫಿ, ಟೀ, ಬೀಡಿ, ಸಿಗರೇಟು ಬೇಡ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಬರಿ ತೋಳನ್ನು ಎದೆಮಟ್ಟಕ್ಕೆ ಇಟ್ಟು, ಐದು ನಿಮಿಷ ಬಾಯಿ ಮುಚ್ಚಿ ಕೂತ ಮೇಲೆ ಎರಡು ಸಲ ನೋಡಿ. ಆಗಲೂ ಹೆಚ್ಚೇ ಬಂದರೆ ಡಾಕ್ಟರ ಹತ್ತಿರ ಹೋಗಿ. ಪಕ್ಕದ ಮನೆಯವರ ಮಾತ್ರೆ ನುಂಗಬೇಡಿ, ನಿಮ್ಮ ಮಾತ್ರೆಯನ್ನು ನೀವೇ ನಿಲ್ಲಿಸಲೂ ಬೇಡಿ. ಲಸಿಕೆಯ ಬಗ್ಗೆ ಅನುಮಾನವಿದ್ದರೆ ನಾಚಿಕೆಪಡದೆ ನರ್ಸನ್ನು ಕೇಳಿ, ಉತ್ತರ ಹೇಳುವುದು ಅವರ ಕೆಲಸ.

ಮತ್ತೆ, ಲಸಿಕೆ ಬೇಕೇ ಬೇಡವೇ ಎಂದು ನಿಮ್ಮ ಮನೆಯಲ್ಲಿ ಜೋರು ಚರ್ಚೆ ನಡೆದಿದ್ದರೆ, ದಯವಿಟ್ಟು ಒಂದು ಗಳಿಗೆ ನಿಲ್ಲಿಸಿ. ನಿಮ್ಮ ಮನೆಯಲ್ಲಿ ಏದುಸಿರು ಬಿಡುತ್ತಾ ಕೂತವರು ಯಾರೋ, ಅವರನ್ನು ಕೇಳಿ. ಕೇಳಿದ ಮೇಲೆ ಕಾಯಬೇಡಿ, ಈ ವಾರವೇ ಕರೆದುಕೊಂಡು ಹೋಗಿ.