ಲಾಡಿ ಕಟ್ಟಿದ ಟೆಲಿಫೋನು

ನಾನು ಒಂದು ಟೆಲಿಫೋನು. ಹುಟ್ಟಿದ್ದು ಮಾತ್ರ ಬಡಗಿಯ ಕೈಯಲ್ಲಿ. ಬೆಂಗಳೂರಿನ ಹಳೆಯ ಗೋದಾಮೊಂದರಲ್ಲಿ ಟಿ.ವಿ. ಧಾರಾವಾಹಿಗೆ ಸೆಟ್ ಹಾಕುತ್ತಿದ್ದರು. ೧೯೨೦ರ ದಶಕದ ಪತ್ರಿಕಾ ಕಚೇರಿ, ಪಕ್ಕದಲ್ಲೇ ಜಾಜ್ ಬ್ಯಾಂಡಿನ ಡ್ಯಾನ್ಸ್ ಹಾಲು, ಸುದ್ದಿ ಹಿಡಿದು ಓಡಿ ಬರುವ ಟೋಪಿಯ ವರದಿಗಾರರು, ಕಥೆ ಅಂಥದ್ದು. ಬಡಗಿ ಮೌನೇಶಾಚಾರಿ ಹಲಸಿನ ಮರ ಕಡೆದು ನನಗೆ ಕಂಬದಂಥ ಮೈ ಮಾಡಿದ, ಕಿವಿಗೆ ಹಿಡಿಯುವ ತುಂಡಿಗೆ ಟೊಳ್ಳು ಕೊರೆದ, ಕರಿ ಬಣ್ಣ ಬಳಿದ. ತಂತಿಯ ಬದಲು ಲಾಡಿ ಕಟ್ಟಿದ. ಗಂಟೆಯೂ ನನ್ನದಲ್ಲ, ಗೋಡೆಯ ಹಿಂದೆ ಯಾರೋ ಸೈಕಲ್ ಬೆಲ್ ಒತ್ತುತ್ತಿದ್ದರು.

ನನ್ನ ಪಕ್ಕದಲ್ಲಿ ಒಂದು ಟೈಪ್‌ರೈಟರ್ ಕೂತಿತ್ತು. ಅದು ಅಸಲಿ. ಒತ್ತಿದರೆ ನಿಜವಾಗಿ ಅಕ್ಷರ ಮೂಡುತ್ತಿತ್ತು. ಸಾಲು ಮುಗಿದಾಗಲೆಲ್ಲ ಸೊಕ್ಕಿನಿಂದ ‘ಟಿಣ್’ ಅನ್ನುವುದು ಬೇರೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸುಳ್ಳೇಕೆ, ಅದರ ಮೇಲೆ ಯಾರಾದರೂ ಚಹಾ ಚೆಲ್ಲಲಿ ಎಂದು ದಿನಾ ಹಾರೈಸಿದ್ದೇನೆ.

ಆ ಉರಿಗೆ ತುಪ್ಪ ಸುರಿದವರು ಕೊಟ್ರಪ್ಪನವರು. ನಲವತ್ತು ವರ್ಷ ಕಂಪನಿ ನಾಟಕಗಳಲ್ಲಿ ರಾಜನಾಗಿ, ರಾಕ್ಷಸನಾಗಿ ಗರ್ಜಿಸಿದ ಹಿರಿಯ ನಟ. ಇಲ್ಲಿ ಸಂಪಾದಕನ ಪಾತ್ರ. ಎದುರಿಗೆ ವರದಿಗಾರ್ತಿ ಅಳುತ್ತ ನಿಂತರೂ ಅವರ ಕಣ್ಣು ಟೈಪ್‌ರೈಟರಿನ ಮೇಲೆ. ಎಂಥ ಪ್ರೀತಿಯಪ್ಪಾ ಎಂದು ನಾನು ಒಳಗೊಳಗೇ ಕುದಿದೆ.

ಅದು ಪ್ರೀತಿಯಲ್ಲ ಎಂದು ತಿಳಿಯಲು ತಿಂಗಳು ಹಿಡಿಯಿತು. ಕಂಪನಿ ನಾಟಕದಲ್ಲಿ ಪರದೆಯ ಮರೆಯಲ್ಲಿ ಒಬ್ಬರು ನಿಂತು ಮಾತು ಹೇಳಿಕೊಡುತ್ತಾರೆ, ನಟ ಅದನ್ನು ಎತ್ತಿಕೊಂಡು ಗುಡುಗುತ್ತಾನೆ. ಕೊಟ್ರಪ್ಪನವರಿಗೆ ಜೀವಮಾನವಿಡೀ ಹೇಳಿಕೊಟ್ಟವರು ಅವರ ಹೆಂಡತಿ ನೀಲವ್ವ. ಟಿ.ವಿ.ಯಲ್ಲಿ ಮೈಕು ಪಿಸುಮಾತನ್ನೂ ಹಿಡಿಯುತ್ತದೆ, ಹಾಗಾಗಿ ಆಕೆಗೆ ಜಾಗವಿಲ್ಲ. ಅದಕ್ಕೇ ಸೆಟ್ಟಿನವರು ಕೊಟ್ರಪ್ಪನವರ ಮಾತುಗಳನ್ನು ಬರೆದು, ಅವರು ನೋಡಿಕೊಂಡು ಹೇಳಲೆಂದು ಆ ಹಾಳೆಯನ್ನು ಟೈಪ್‌ರೈಟರಿಗೆ ಸಿಕ್ಕಿಸುತ್ತಿದ್ದರು.

ಒಂದು ದಿನ ಸಂಪಾದಕ ಕಿಟಕಿಯ ಬಳಿ ನಿಂತು, ನನ್ನನ್ನು ಕೈಯಲ್ಲಿ ಹಿಡಿದು, ಪತ್ರಿಕೆಯ ಮಾಲೀಕನಿಗೆ ಎದುರುತ್ತರ ಕೊಡುವ ದೃಶ್ಯ ಬಂತು. ಅಲ್ಲಿ ಹಾಳೆ ಕಾಣುವುದಿಲ್ಲ. ಒಂಬತ್ತು ಸಲ ತಪ್ಪಿದರು.

ನಿರ್ದೇಶಕ ಸೀತಾಪತಿ ಹತ್ತಿರ ಬಂದ. “ಸಾರ್, ತಪ್ಪು ತಿಳ್ಕೋಬೇಡಿ. ಇವತ್ತು ಈ ಸೀನ್ ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಹಾಕ್ಬೇಕಾಗುತ್ತೆ.”

ಬುತ್ತಿ ತಂದು ಮೂಲೆಯಲ್ಲಿ ಕೂತಿದ್ದ ನೀಲವ್ವ ಎದ್ದು ಬಂದು ಗಂಡನ ಕೈಯಿಂದ ನನ್ನನ್ನು ಕಿತ್ತುಕೊಂಡರು, ಟೊಳ್ಳಿನೊಳಗೆ ಬೆರಳು ಹಾಕಿ ನೋಡಿದರು.

“ಆಚಾರ್ರ, ಇದಕ್ಕ ಲಾಡಿ ಯಾಕ ಕಟ್ಟೀರಿ? ರಬ್ಬರ್ ನಳಗಿ ಹಾಕ್ರಿ. ನಾ ಗ್ವಾಡಿ ಹಿಂದ ಕುಂತು ಹೇಳಿಕೊಡ್ತೀನಿ.”

ಮೌನೇಶಾಚಾರಿ ನನ್ನ ಲಾಡಿ ಬಿಚ್ಚಿ ಕರಿ ಬಣ್ಣ ಬಳಿದ ನಳಿಗೆ ಹಾಕಿದ. ಗೋಡೆಯಾಚೆಯ ತುದಿಗೆ ಸೀಮೆಎಣ್ಣೆಯ ಲಾಳಿಕೆ ಸಿಕ್ಕಿಸಿದ. ಹತ್ತನೆಯ ಸಲ ನನ್ನೊಳಗೆ ಮೊಟ್ಟಮೊದಲ ಬಾರಿಗೆ ಮಾತು ಹರಿಯಿತು. ನೀಲವ್ವ ಪಿಸುಗುಟ್ಟಿದರು, ಕೊಟ್ರಪ್ಪನವರು ಗುಡುಗಿದರು: “ಈ ಸುದ್ದಿ ನಾಳೆ ಊರೇ ಓದುತ್ತದೆ, ರಾಯರೇ!” ಮೌನೇಶಾಚಾರಿ ಮೈಮರೆತು “ವನ್ಸ್ ಮೋರ್” ಎಂದು ಕೂಗಿದ. ಟೈಪ್‌ರೈಟರಿನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಆಮೇಲೆ ಪ್ರತಿ ಕಂತಿನಲ್ಲೂ ಸಂಪಾದಕನಿಗೆ ಫೋನು ಬಂತು. ನಾನು ಸುಖವಾಗಿರಬೇಕಿತ್ತು. ಆದರೆ ಮಾತು ಮಾತಿನ ನಡುವೆ ನೀಲವ್ವ ಬೇರೆ ಮಾತುಗಳನ್ನೂ ಕಳಿಸುತ್ತಿದ್ದರು. “ಗುಳಿಗಿ ನುಂಗೀರೇನು?” “ಗದ್ದ ಮ್ಯಾಲೆತ್ರಿ.” “ಉಸರು ತಗೋರಿ, ಅವಸರಿಲ್ಲ.” ಎಲ್ಲವೂ ನನ್ನ ಗಂಟಲಲ್ಲೇ ಹಾದು ಹೋಗುತ್ತಿದ್ದವು, ಒಂದೂ ನನಗಲ್ಲ. ಈಗ ನನ್ನ ಹೊಟ್ಟೆಯುರಿ ಟೈಪ್‌ರೈಟರನ್ನು ಬಿಟ್ಟು ಕೊಟ್ರಪ್ಪನವರ ಮೇಲೆ ತಿರುಗಿತು.

ಧಾರಾವಾಹಿ ಮುಗಿಯಿತು. ಟೈಪ್‌ರೈಟರ್ ಯಾವುದೋ ಹೋಟೆಲಿನ ಗಾಜಿನ ಪೆಟ್ಟಿಗೆ ಸೇರಿತು. ನಾನು ಸೆಟ್ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯ ಅಟ್ಟ ಸೇರಿದೆ. ನಳಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿತು. ಕೊಟ್ರಪ್ಪನವರು ತೀರಿಕೊಂಡ ಸುದ್ದಿ ಅಂಗಡಿಯವರ ಬಾಯಿಂದ ಕೇಳಿದೆ. ದುಃಖವಾಯಿತು, ಜೊತೆಗೆ ಸ್ವಲ್ಪ ಸಮಾಧಾನವೂ ಆಯಿತು. ನಾನು ಅಂಥವನು.

ಹೋದ ವರ್ಷ ನೀಲವ್ವ ಅಂಗಡಿಗೆ ಬಂದರು. ನನ್ನನ್ನು ಕೆಳಗಿಳಿಸಿಕೊಂಡು ಸೆರಗಿನಿಂದ ಧೂಳು ಒರೆಸಿದರು. ಇಷ್ಟು ವರ್ಷ ಹೇಳಿಕೊಟ್ಟ ಹೆಂಗಸು ಅಂದು ನನ್ನನ್ನು ಕಿವಿಗೆ ಹಿಡಿದು ಕಾದರು. ಒಂದು ಮಾತಾದರೂ ಕೊಡಬೇಕೆಂದು ನಾನು ಒದ್ದಾಡಿದೆ. ಮರದ ತುಂಡಿಗೆ ಎಲ್ಲಿಯ ಮಾತು?

ಕೊನೆಗೆ ಬಿರುಕು ಬಿಟ್ಟ ನಳಿಗೆಗೆ ಬಾಯಿಟ್ಟು ಮೆಲ್ಲಗೆ ಅಂದರು, “ಉಸರು ತಗೋರಿ, ಅವಸರಿಲ್ಲ.”

ಅದೂ ಕೊಟ್ರಪ್ಪನವರಿಗೇ ಹೇಳಿದ್ದು, ನನಗೆ ಗೊತ್ತು. ಆದರೆ ಆ ದಿನ ಕೇಳಿಸಿಕೊಳ್ಳಲು ನಾನೊಬ್ಬನೇ ಇದ್ದೆ.