ಬಿಳಿ ಬಂಗಾರದ ಒಳಗಿನ ಬಣ್ಣ

ನನ್ನ ಮಗಳು ಉಜ್ವಲಾಗೆ ನಿಶ್ಚಿತಾರ್ಥದ ಉಂಗುರ ಬಿಳಿ ಬಂಗಾರದ್ದೇ ಬೇಕಿತ್ತು. ಉಂಗುರ ತರಬೇಕಾದವರು ಗಂಡಿನ ಕಡೆಯವರು. ಗಂಡು ಸುಭಾಸ, ನಾವಿರುವ ಈ ಅರಬ್ ದೇಶದಲ್ಲೇ, ಸಹಮ್ ಎಂಬ ಊರಿನಲ್ಲಿ ನೀರಿನ ಪಂಪುಗಳ ಎಂಜಿನಿಯರ್. ಒಳ್ಳೆಯ ಹುಡುಗ, ಮಾತು ಕಮ್ಮಿ. ಅವನ ಪಾಲಿನ ಮಾತನ್ನೂ ತಾವೇ ಆಡಿ ಮುಗಿಸಲೆಂದು ಬಾಗಲಕೋಟೆಯಿಂದ ವಿಸಿಟ್ ವೀಸಾದ ಮೇಲೆ ಬಂದಂತಿದ್ದರು ಅವನ ಅಜ್ಜಿ ಕೆಂಚವ್ವ. ಇದು 2006ರ ಮಾತು.

ಗುರುವಾರ ಸಂಜೆ ನಮ್ಮೂರ ಖುರುಮ್ ಬಡಾವಣೆಯ ಬಂಗಾರದ ಅಂಗಡಿಯಲ್ಲಿ ಎಲ್ಲರೂ ಸೇರಿದೆವು. ನನ್ನ ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ನಾನು ಕೆಲಸ ಮಾಡುವ ಘಾಲಾದ ಗ್ಯಾರೇಜಿನಿಂದ ನೇರವಾಗಿ ಹೋಗಿದ್ದೆ, ಉಗುರಿನ ಸಂದಿಯಲ್ಲಿ ಯಾರದೋ ಕಾರಿನ ನೀಲಿ ಬಣ್ಣವಿತ್ತು.

ಕೆಂಚವ್ವ ಬಿಳಿ ಉಂಗುರವನ್ನು ಕಣ್ಣಿನ ಹತ್ತಿರ ಹಿಡಿದರು. “ಇದು ಬೆಳ್ಳಿ. ಬೆಳ್ಳಿ ಕಾಲಿಗೆ ಹಾಕೋದು. ಕಾಲುಂಗುರಾ ಕೈಗೆ ಹಾಕ್ಕೊಂಡು ಕುಂದ್ರತೀಯೇನವಾ?”

“ಬೆಳ್ಳಿ ಅಲ್ಲ ಅಜ್ಜೀ, ಹದಿನೆಂಟು ಕ್ಯಾರೆಟ್ ಚಿನ್ನ,” ಎಂದ ಸೇಲ್ಸ್‌ಮನ್ ಅಫ್ವಾನ್, ಪುತ್ತೂರಿನವನು. “ಬಣ್ಣ ಮಾತ್ರ ಬಿಳಿ ಮಾರಾಯ್ರೆ.”

“ಬಂಗಾರಕ್ಕ ಬಂಗಾರದ ಬಣ್ಣ ಇಲ್ಲಂದ್ರ ಮತ್ಯಾವುದಕ್ಕ ಇರತೈತೋ ತಮ್ಮಾ?”

ಉಜ್ವಲಾ ಸುಭಾಸನ ಕಡೆ ತಿರುಗಿದಳು. “ನಿಮಗ ಯಾವುದು ಇಷ್ಟ?”

“ಎರಡೂ ಛಲೋ ಅದಾವು.”

“ಒಂದು ಹೇಳ್ರಿ.”

ಸುಭಾಸ ಅಜ್ಜಿಯನ್ನು ನೋಡಿದ, ಆಮೇಲೆ ಗೋಡೆಯನ್ನು. “ಎ.ಸಿ. ಭಾಳ ಜೋರೈತಿ,” ಎಂದ.

ಮಗಳು ನನ್ನನ್ನು ಬಳೆಗಳ ಕೌಂಟರಿನತ್ತ ಎಳೆದೊಯ್ದಳು. “ಪಪ್ಪಾ, ಐ ಆ್ಯಮ್ ಸೀರಿಯಸ್. ಯಾವ ಬಣ್ಣ ಆದ್ರೂ ನಡೀತೈತಿ. ಆದ್ರ ಅವರ ಬಾಯಿಂದ ಒಂದು ಬಣ್ಣ ಹೊರಗ ಬರಬೇಕು. ನಾಳೆ ತನಕ ನೋಡ್ತೀನಿ. ಬರಲಿಲ್ಲಂದ್ರ ಈ ಮದುವಿ ನಾ ಒಲ್ಲೆ.”

ಹಾಲ್ ಗೊತ್ತುಮಾಡಿಯಾಗಿತ್ತು. ಮುನ್ನೂರು ಹೋಳಿಗೆಗೆ ಹೇಳಿಯಾಗಿತ್ತು. ನಾನು ಏನೋ ಸಮಾಧಾನ ಹೇಳಬೇಕು ಅನ್ನುವಷ್ಟರಲ್ಲಿ ಕೆಂಚವ್ವ ಕರೆದರು. “ಬೀಗರ, ನೀವು ಬಣ್ಣದ ಕೆಲಸದವ್ರು. ನೀವೇ ಹೇಳ್ರಿ, ಇದರ ಒಳಗ ಏನೈತಿ?”

ಇಪ್ಪತ್ತು ವರ್ಷ ಕಾರುಗಳಿಗೆ ಬಣ್ಣ ಹೊಡೆದವನಿಗೆ ಈ ವಿಷಯದಲ್ಲಿ ಸುಳ್ಳು ಹೇಳಲು ಬರುವುದಿಲ್ಲ. “ಮ್ಯಾಲೆ ತೆಳ್ಳಗ ಒಂದು ಬಿಳಿ ಕೋಟಿಂಗ್ ಇರತೈತ್ರಿ. ಒಳಗ ತುಸು ಹಳದಿ,” ಎಂದುಬಿಟ್ಟೆ.

“ಹಂಗಾದ್ರ ಕೆರದು ತೋರಸ್ರಿ.”

“ಕೆರೆದ ಮೇಲೆ ವಾಪಸ್ ತಗೊಳ್ಳುದಿಲ್ಲ ಅಂಕಲ್. ಖಲಾಸ್,” ಎಂದ ಅಫ್ವಾನ್. ಅಜ್ಜಿ ಹೇಳಿದರೆಂದು ಸುಭಾಸ ಆ ಬಿಳಿ ಉಂಗುರ ಕೊಂಡ; ಕೆರೆಯುವ ಕೆಲಸ ನನ್ನ ಗ್ಯಾರೇಜಿನಲ್ಲಿ ಎಂದಾಯಿತು.

ಮರುದಿನ ಶುಕ್ರವಾರ, ಗ್ಯಾರೇಜಿಗೆ ರಜೆ. ಕೀಲಿ ನನ್ನ ಹತ್ತಿರ ಇತ್ತು. ನಾಲ್ವರೂ ಅಲ್ಲಿ ಸೇರಿದೆವು. ಕೆಂಚವ್ವ ಬೋರಲು ಹಾಕಿದ ಥಿನ್ನರ್ ಡಬ್ಬಿಯ ಮೇಲೆ ಸೆರಗು ಸರಿಮಾಡಿಕೊಂಡು ಕೂತರು. ನಾನು ಉಂಗುರವನ್ನು ಒಂದು ಕಟ್ಟಿಗೆಯ ತುಂಡಿಗೆ ಸಿಕ್ಕಿಸಿ, ಅಭ್ಯಾಸಬಲದಿಂದ ಅದರ ಅರ್ಧ ಭಾಗಕ್ಕೆ ಮಾಸ್ಕಿಂಗ್ ಟೇಪ್ ಸುತ್ತಿದೆ. ಬಾಗಿಲಿಗೆ ಬಣ್ಣ ಹೊಡೆಯುವಾಗ ಹಿಡಿಕೆಗೆ ಸುತ್ತುತ್ತೇವಲ್ಲ, ಹಾಗೆ. ಆಮೇಲೆ ಪಾಲಿಶ್ ಮಶೀನಿಗೆ ಹಿಡಿದೆ. ಎರಡು ನಿಮಿಷಕ್ಕೆ ಬಿಳಿ ಹೋಗಿ ತಿಳಿಹಳದಿ ಮೇಲೆ ಬಂತು.

ಕೆಂಚವ್ವ ಬಗ್ಗಿ ನೋಡಿದರು. “ಹಾಂ, ಬಂಗಾರಾನೇ ಐತಿ. ಮಾರಿಗೆ ಪೌಡರ್ ಹಚ್ಕೊಂಡು ಕುಂತಿತ್ತು. ಉಳಿದದ್ದೂ ತಗೀರಿ.”

ನಾನು ಟೇಪ್ ಬಿಚ್ಚಿದೆ. ಉಜ್ವಲಾ ನೋಡುತ್ತಿದ್ದುದು ಸುಭಾಸನನ್ನು. ಅವನು ಒಂದು ಪ್ರೈಮರ್ ಡಬ್ಬಿಯ ಮೇಲಿನ ಸೂಚನೆಗಳನ್ನು ಓದುತ್ತಿದ್ದ, ಅದೂ ಅರಬಿಯಲ್ಲಿದ್ದವನ್ನು. ಉಜ್ವಲಾ ವ್ಯಾನಿಟಿ ಬ್ಯಾಗು ಹೆಗಲಿಗೇರಿಸಿ ಬಾಗಿಲ ಕಡೆ ನಡೆದಳು.

ಆದಷ್ಟು ನಿಧಾನವಾಗಿ ಉಂಗುರವನ್ನು ಮತ್ತೆ ಚಕ್ರಕ್ಕೆ ತಾಗಿಸಿದೆ. ಎಷ್ಟು ನಿಧಾನವಾದರೂ ಮಶೀನು ತನ್ನ ವೇಗದಲ್ಲೇ ತಿರುಗುತ್ತದೆ. ಸುಭಾಸ ಡಬ್ಬಿ ಕೆಳಗಿಟ್ಟ. ನನ್ನ ಕೈಯಿಂದ ಕಟ್ಟಿಗೆ ಕಸಿದು ಉಂಗುರವನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದ. ಅದು ಕಾದು ಕೆಂಡವಾಗಿತ್ತು.

“ಬ್ಯಾಡ ಆಯಿ! ಬಿಳೀದೇ ಇರಲಿ!”

“ಯಾಕ ಒದರತೀಯೋ?”

“ಸುಡಾಕತ್ತೈತಿ.”

“ಸುಟ್ರೂ ಬಿಳೀದೇ ಬೇಕೇನು?”

“ಹೂಂ,” ಎಂದ, ಒಂದು ಕಾಲ ಮೇಲೆ ಕುಣಿಯುತ್ತ. “ಬಿಳೀದೇ.”

ಉಜ್ವಲಾ ಬ್ಯಾಗನ್ನು ಅಲ್ಲೇ ಎಸೆದು ಬಂದು, ಅವನನ್ನು ಕಾರು ತೊಳೆಯುವ ನಲ್ಲಿಯ ಕಡೆ ಎಳೆದೊಯ್ದಳು. “ಉಂಗುರ ಮೊದಲ ಬಿಡ್ರಿ.”

“ಒಲ್ಲೆ,” ಎಂದ ಸುಭಾಸ.

ಉಜ್ವಲಾಗೆ ನಗು ತಡೆಯಲಾಗಲಿಲ್ಲ. ಕೆಂಚವ್ವ ಸಿಟ್ಟಾಗಿ ವಾಪಸ್ ಸಹಮ್‌ಗೆ ಹೊರಡುತ್ತಾರೆ ಅಂತ ನಾನು ಕಾದೆ. ಅವರು ಥಿನ್ನರ್ ಡಬ್ಬಿಯಿಂದ ಎದ್ದು ನನ್ನ ಕಡೆ ತಿರುಗಿದರು.

“ಏನ್ ನಿಂತ್ರಿ ಬೀಗರ? ಮತ್ತ ಬಿಳಿ ಹಚ್ರಿ. ನಿಮ್ಮ ಕೆಲಸಾನೇ ಅಲ್ಲೇನ್ರಿ.”

ಅಂಗಡಿಯವರೇ ಮತ್ತೆ ಕೋಟಿಂಗ್ ಮಾಡಿಕೊಡುತ್ತಾರೆ ಎಂದು ಹೇಳಬೇಕಿತ್ತು. ವಾರವಿಡೀ ದುಡಿದ ತಲೆ, ಹೊಳೆಯಲಿಲ್ಲ. ಕಪಾಟು ತೆಗೆದು ನಿಂತೆ.

“ಯಾವ ಬಿಳಿ ಹಚ್ಚಲ್ರಿ? ನಮ್ಮಲ್ಲಿ ಹನ್ನೊಂದು ಬಿಳಿ ಅದಾವು.”

“ನನ್ನೇನ್ ಕೇಳ್ತೀರಿ?” ಕೆಂಚವ್ವ ನಲ್ಲಿಯ ಕಡೆ ಕೈ ಮಾಡಿದರು. “ಬಾಯಿ ಬಂದೈತಲ್ಲ, ಅವನ್ನ ಕೇಳ್ರಿ.”